ಶಿಲಾಘರ್ಷಣ ನಿರೋಧಕ ಪಾರ್ಶ್ವದಂಡದ ಆಯ್ಕೆ

ಬೆಟ್ಟದ ಮೇಲಿನ ಹನ್ನೊಂದು ಹಳ್ಳಿಗಳಿಗೆ ಔಷಧಿಯನ್ನೂ ಒಬ್ಬ ನರ್ಸನ್ನೂ ಹೊತ್ತೊಯ್ಯುವ ಇಲಾಖೆಯ ಟ್ರಕ್ಕಿಗೆ ಪಕ್ಕದ ರಕ್ಷಣೆ ಬೇಕೆಂಬ ವಿಷಯದಲ್ಲಿ ಯಾವ ಅಧಿಕಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ ಎಂಬುದನ್ನು ಮೊದಲಿಗೇ ದಾಖಲಿಸತಕ್ಕದ್ದು. ಭಿನ್ನಾಭಿಪ್ರಾಯವಿದ್ದದ್ದು ಕಲ್ಲುಗಳಿಗೆ ಮಾತ್ರ. ಹಿಂದಿನ ತಿಂಗಳು ಅವುಗಳಲ್ಲೊಂದು ಟ್ರಕ್ಕಿನ ಬಾಗಿಲ ಕೆಳಗಿನ ತಗಡನ್ನು ಒಳಕ್ಕೆ ಒತ್ತಿ, ಬಾಗಿಲು ತೆರೆಯದಂತೆ ಮಾಡಿ, ಚಾಲಕನನ್ನು ಆರು ಗಂಟೆ ಕಾಲ ಕಣಿವೆಯ ಅಂಚಿನಲ್ಲಿ ಕೂರಿಸಿತ್ತು.

ಆ ಚಾಲಕ ಇಲಾಖೆಯ ಗ್ಯಾರೇಜಿನ ವೆಲ್ಡಿಂಗ್ ಮೇಸ್ತ್ರಿಯ ಅಳಿಯ. ಮಾರನೆಯ ದಿನವೇ ಮಗಳು ಬಂದು ಅಪ್ಪನ ಎದುರು ಕೂತಳು.

"ಅಪ್ಪಾ, ಊರವರ ಗೇಟು, ಕಿಟಕಿ ಎಲ್ಲಾ ಮಾಡಿಕೊಡ್ತೀಯ. ನಿನ್ನ ಅಳಿಯ ಕೂರೋ ಗಾಡಿಗೆ ಒಂದು ಗಟ್ಟಿ ಪೈಪು ಹಾಕೋಕಾಗಲ್ವಾ?"

"ನನ್ನ ಕೈಲಿದ್ರೆ ನಿನ್ನೆಯೇ ಹಾಕ್ತಿದ್ದೆ ಕಣಮ್ಮ. ಖರೀದಿ ಸಮಿತಿ ಕೂರಬೇಕು."

"ಸಮಿತಿ ಕೂರೋ ಹೊತ್ತಿಗೆ ಇವರು ಕಣಿವೇಲಿರ್ತಾರೆ," ಅಂದಳು ಮಗಳು. ಮೇಸ್ತ್ರಿಗೆ ಊಟ ರುಚಿಸಲಿಲ್ಲ.

ಮಗಳು ಕೇಳಿದ ಪೈಪಿಗೆ ಗ್ಯಾರೇಜಿನವರು ಸ್ಲೈಡರ್ ಅನ್ನುತ್ತಾರೆ. ಬಾಗಿಲುಗಳ ಕೆಳಗೆ, ಎರಡೂ ಪಕ್ಕ, ಚಾಸಿಸ್ಸಿಗೆ ಬೆಸೆದ ಉದ್ದನೆಯ ಉಕ್ಕಿನ ಪೈಪು. ಗಾಡಿ ಬಂಡೆಯ ಮೇಲೆ ಕೂತರೆ ಇದು ಇಡೀ ಭಾರ ಹೊತ್ತು ಮುಂದಕ್ಕೆ ಜಾರಿಸಿಬಿಡುತ್ತದೆ. ಇಲಾಖೆ ಇದಕ್ಕೆ 'ಶಿಲಾಘರ್ಷಣ ನಿರೋಧಕ ಪಾರ್ಶ್ವದಂಡ' ಎಂದು ನಾಮಕರಣ ಮಾಡಿತು. ಹೆಸರಿಡುವುದಕ್ಕೆ ನಾಲ್ಕು ಸಭೆ ಹಿಡಿಯಿತು. ಅಷ್ಟೂ ದಿನ ಅಳಿಯ ತಗಡಿನ ಗಾಡಿಯನ್ನೇ ಬೆಟ್ಟ ಹತ್ತಿಸುತ್ತಿದ್ದ.

ಐದನೆಯ ಸಭೆಗೆ ಎರಡು ಪೈಪು ಮಾದರಿಯಾಗಿ ಬಂದವು. ಮೊದಲನೆಯದು ಆರು ಮಿಲಿಮೀಟರ್ ದಪ್ಪದ, ಬೆಸುಗೆಯ ಗೆರೆಯೇ ಇಲ್ಲದ, ಮೈತುಂಬ ಎಣ್ಣೆ ಬಳಿದುಕೊಂಡ ಕರೀ ಪೈಪು. ಎರಡನೆಯದು ಎರಡು ಮಿಲಿಮೀಟರಿನದು, ಉದ್ದಕ್ಕೂ ಬೆಸುಗೆ ಹಾಕಿದ್ದು. ಆದರೆ ಮದುಮಗಳ ಹಾಗೆ ಮಿರಮಿರ ಮಿಂಚುತ್ತ, ಪಾರದರ್ಶಕ ಪ್ಲಾಸ್ಟಿಕ್ಕಿನೊಳಗೆ, ಎರಡೂ ತುದಿಗೆ ಕೆಂಪು ಮೊಹರು ಹಚ್ಚಿಸಿಕೊಂಡು ಬಂದಿತ್ತು. ಸಮಿತಿಯ ಕಣ್ಣು ಎಲ್ಲಿ ನಿಂತಿತೆಂದು ಬೇರೆ ಹೇಳಬೇಕಾಗಿಲ್ಲ.

ಸಮಿತಿಯಲ್ಲಿ ಮೂವರಿದ್ದರು. ದೊಡ್ಡ ಸಾಹೇಬರು ಅಧ್ಯಕ್ಷರು. ಅಧೀಕ್ಷಕರು ಕಾರ್ಯದರ್ಶಿ, ಯಾವ ಮಾತಿಗೂ ಖರೀದಿ ನಿಯಮಾವಳಿಯ ಏಳನೇ ಕಲಮನ್ನು ಎತ್ತುತ್ತಿದ್ದುದರಿಂದ ಗ್ಯಾರೇಜಿನಲ್ಲಿ ಅವರ ಹೆಸರೇ ಏಳನೇ ಕಲಂ. ಮೂರನೆಯವನು ಮೇಸ್ತ್ರಿ, ತಾಂತ್ರಿಕ ಸದಸ್ಯ. ಅವನಿಗೆ ಸ್ಟೂಲು ಕೊಟ್ಟಿದ್ದರು.

ಮೇಸ್ತ್ರಿ ಕರೀ ಪೈಪನ್ನು ಅಂಗಳದಲ್ಲಿ ಎರಡು ಕಲ್ಲುಗಳ ಮೇಲಿಟ್ಟು, ಸರಕು ತುಂಬಿದ ಟ್ರಕ್ಕಿನ ಒಂದು ಪಕ್ಕವನ್ನು ಜಾಕಿಯಲ್ಲೆತ್ತಿ ಅದರ ಮೇಲೆ ಇಳಿಸಿದ. ಪೈಪು ಮಿಸುಕಲಿಲ್ಲ. ಹೊರಳಿಸಿ ನೋಡಿದರೆ ಉಗುರಿನಷ್ಟು ಉದ್ದದ ಒಂದು ಗೀರು ಬಿದ್ದಿತ್ತು. ಮೇಸ್ತ್ರಿಯ ಎದೆ ಹಗುರಾಯಿತು. ಅಳಿಯ ಬದುಕಿಕೊಂಡ ಅಂದುಕೊಂಡ.

"ಈಗ ಇನ್ನೊಂದನ್ನ ಕೊಡಿ ಸಾರ್, ಇಡ್ತೀನಿ," ಅಂದ.

"ಅದು ಹೇಗಪ್ಪ ಇಡ್ತೀಯ? ಮೊಹರು ಒಡೀಬೇಕಾಗುತ್ತಲ್ಲ," ಅಂದರು ಏಳನೇ ಕಲಂ.

"ಒಡೀದೆ ಪರೀಕ್ಷೆ ಹೇಗೆ ಸಾರ್ ಮಾಡೋದು?"

"ಒಡೆದ್ರೆ ಅದು ಬಳಸಿದ ಮಾಲು. ಬಳಸಿದ ಮಾಲನ್ನ ಇಲಾಖೆ ಕೊಳ್ಳೋ ಹಾಗಿಲ್ಲ." ಅವರು ಪುಸ್ತಕ ಬಿಡಿಸಿ ಓದಿದರು: "ಪರೀಕ್ಷೆಗೆ ಪಡೆದ ಮಾದರಿಯನ್ನು ಪಡೆದ ಸ್ಥಿತಿಯಲ್ಲೇ ಹಿಂದಿರುಗಿಸತಕ್ಕದ್ದು. ಹಾನಿಗೊಳಗಾದ ಮಾದರಿಯನ್ನು ಅನುತ್ತೀರ್ಣವೆಂದು ಭಾವಿಸತಕ್ಕದ್ದು." ಆಮೇಲೆ ಕನ್ನಡಕ ಏರಿಸಿ ಕರೀ ಪೈಪಿನ ಗೀರನ್ನು ಅಳತೆಪಟ್ಟಿಯಿಂದ ಅಳೆದರು.

ಫಲಿತಾಂಶವನ್ನು ಯಾವ ಪಕ್ಷಪಾತವೂ ಇಲ್ಲದೆ ಬರೆಯಲಾಯಿತು. ಒಂದನೆಯ ಮಾದರಿ: ಹಾನಿ, ಹದಿನಾಲ್ಕು ಮಿಲಿಮೀಟರ್. ಎರಡನೆಯ ಮಾದರಿ: ಹಾನಿ, ಇಲ್ಲ.

"ಅಂಕಿಅಂಶ ಸುಳ್ಳು ಹೇಳುತ್ತಾ ಮೇಸ್ತ್ರೀ?" ಅಂದರು ದೊಡ್ಡ ಸಾಹೇಬರು, ತುಂಬ ಮೃದುವಾಗಿ.

ಎರಡನೆಯ ಮಾದರಿ ಸರ್ವಾನುಮತದಿಂದ ಆಯ್ಕೆಯಾಯಿತು. ಮೇಸ್ತ್ರಿ ತಲೆ ಆಡಿಸಿದ್ದನ್ನು ಒಪ್ಪಿಗೆಯೆಂದು ಬರೆದುಕೊಂಡರು.

ಮೇಸ್ತ್ರಿ ಹಲ್ಲು ಕಚ್ಚಿಕೊಂಡೇ ಬೆಸೆದ. ಬೆಸುಗೆಯಲ್ಲಿ ಅವನು ಕಳ್ಳಾಟ ಆಡುವವನಲ್ಲ. ಕಾಗದದಂಥ ಪೈಪಿಗೂ ಕೈಲಾದಷ್ಟು ಚೆಂದದ ಬೆಸುಗೆ ಹಾಕಿದ. ಬೆಸೆಯುವ ಜಾಗದಲ್ಲಿ ಮಾತ್ರ ಪ್ಲಾಸ್ಟಿಕ್ಕನ್ನು ಕತ್ತರಿಸಲು ಲಿಖಿತ ಅನುಮತಿ ಸಿಕ್ಕಿತ್ತು.

ಉದ್ಘಾಟನೆಯ ದಿನ ದೊಡ್ಡ ಸಾಹೇಬರು ಫೋಟೋಕ್ಕೆಂದು ಟ್ರಕ್ಕು ಹತ್ತಹೋಗಿ, ಪಾರ್ಶ್ವದಂಡದ ಮೇಲೆ ಪಾದವಿಟ್ಟರು. ದಂಡವು ಅವರ ಪಾದದ ಆಕಾರಕ್ಕೆ ಗೌರವದಿಂದ ಬಾಗಿತು. ಕೂಡಲೇ ಏಳನೇ ಕಲಂ, "ನಮ್ಯತೆ ಇದೆ ಸಾರ್. ಗಡಸು ಪೈಪು ಆಗಿದ್ರೆ ತಮ್ಮ ಕಾಲಿಗೆ ನೋವಾಗ್ತಿತ್ತು," ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಸಂಜೆಯೊಳಗೆ ಬಾಗಿದ ಪೈಪು ಹೋಗಿ ಅಂಥದೇ ಹೊಸದು ಬಂತು, ಜೊತೆಗೆ 'ಪಾದ ಸ್ಪರ್ಶ ನಿಷೇಧಿಸಿದೆ' ಎಂಬ ಫಲಕವೂ ಬಂತು.

ಟ್ರಕ್ಕು ಬೆಟ್ಟಕ್ಕೆ ಹೊರಡಲು ಇನ್ನು ಒಂದೇ ಕಾಗದ ಬಾಕಿ. ತಾಂತ್ರಿಕ ಸದಸ್ಯರ ಯೋಗ್ಯತಾ ಪತ್ರ. ಏಳನೇ ಕಲಂ ಅದನ್ನು ಮೇಸ್ತ್ರಿಯ ಮುಂದಿಟ್ಟು, "ಇಲ್ಲೊಂದು ಸಹಿ ಹಾಕಿಬಿಡಪ್ಪ," ಅಂದರು. ಸಹಿ ಹಾಕಿದರೆ ಮಗಳ ಬಾಳಿಗೆ ತನ್ನ ಕೈಯಾರೆ ಕೊಳ್ಳಿಯಿಟ್ಟಂತೆ. ಹಾಕದಿದ್ದರೆ ಇನ್ನೊಬ್ಬ ಮೇಸ್ತ್ರಿ ಹಾಕುತ್ತಾನೆ. ಕೊನೆಗೆ ಮೇಸ್ತ್ರಿ, ಆದದ್ದಾಗಲಿ ಎಂದು ಷರಾ ಬರೆಯುವ ಜಾಗದಲ್ಲಿ ದಪ್ಪಕ್ಷರದಲ್ಲಿ ಬರೆದ: 'ಈ ಪೈಪು ಕಲ್ಲಿನ ಪೆಟ್ಟು ತಾಳುವುದಿಲ್ಲ.' ಕೆಳಗೆ ಸಹಿ ಹಾಕಿದ. ಇನ್ನು ಈ ಪೈಪು ಕಿತ್ತುಹಾಕದೆ ವಿಧಿಯಿಲ್ಲ ಎಂದು ಅವನ ಲೆಕ್ಕ.

ಅವನು ತಿಳಿದಂತೆ ಇಲಾಖೆಯೇನೂ ಕಿವುಡಾಗಿರಲಿಲ್ಲ. ಅವನ ಮಾತಿಗೆ ಅದು ಪೂರ್ತಿ ಬೆಲೆ ಕೊಟ್ಟಿತು. ಮೂರನೆಯ ದಿನ ಸುತ್ತೋಲೆ ಹೊರಟಿತು:

'ಸದರಿ ಪಾರ್ಶ್ವದಂಡವು ಕಲ್ಲಿನ ಪೆಟ್ಟು ತಾಳುವುದಿಲ್ಲವೆಂದು ತಾಂತ್ರಿಕ ಸದಸ್ಯರು ಅಭಿಪ್ರಾಯಪಟ್ಟಿರುವುದರಿಂದ, ಪಾರ್ಶ್ವದಂಡ ಅಳವಡಿಸಿದ ವಾಹನವನ್ನು ಕಲ್ಲಿರುವ ಹಾದಿಯಲ್ಲಿ ಚಲಾಯಿಸತಕ್ಕದ್ದಲ್ಲ. ಪಾರ್ಶ್ವದಂಡ ಅಳವಡಿಸದ ವಾಹನವನ್ನು ಸುರಕ್ಷತೆಯ ದೃಷ್ಟಿಯಿಂದ ಬೆಟ್ಟಕ್ಕೆ ಕಳುಹಿಸತಕ್ಕದ್ದಲ್ಲ.'

ಅಂದಿನಿಂದ ಟ್ರಕ್ಕು ಟಾರು ರಸ್ತೆ ಮುಗಿಯುವಲ್ಲಿಗೆ ಹೋಗಿ ನಿಲ್ಲುತ್ತದೆ. ಅಪಘಾತಗಳ ಸಂಖ್ಯೆ ಸೊನ್ನೆಗಿಳಿಯಿತು. ದೊಡ್ಡ ಸಾಹೇಬರಿಗೆ ಪ್ರಶಸ್ತಿ ಬಂತು, ಏಳನೇ ಕಲಮಿಗೆ ಬಡ್ತಿ ಬಂತು, ಮೇಸ್ತ್ರಿಗೆ ಸ್ಟೂಲಿನ ಬದಲು ಕುರ್ಚಿ ಬಂತು. ಮಗಳಂತೂ ಕುಣಿದಾಡುವುದೊಂದು ಬಾಕಿ.

"ಇವರು ಮಧ್ಯಾಹ್ನ ಊಟಕ್ಕೆ ಮನೆಗೇ ಬರ್ತಾರಪ್ಪ. ನಿನ್ನಿಂದಾನೇ ಆಗಿದ್ದು," ಅಂದಳು. ಮೇಸ್ತ್ರಿ ಆ ದಿನ ಹೊಟ್ಟೆ ತುಂಬ ಉಂಡ. ಅವನಿಗೆ ಸಂತೋಷವೇ ಆಗಿತ್ತು. ಸುಳ್ಳೇಕೆ ಹೇಳಬೇಕು.

ಮುಂದಿನ ವಾರ ದೊಡ್ಡ ಸಾಹೇಬರ ವಾರ್ಷಿಕ ತಪಾಸಣೆಯೆಂದು ಮೇಸ್ತ್ರಿಯೂ ಟ್ರಕ್ಕಿನ ಜೊತೆ ಟಾರು ರಸ್ತೆಯ ತುದಿಗೆ ಹೋದ. ಸಾಹೇಬರ ಜೀಪು ಇನ್ನೂ ಬಂದಿರಲಿಲ್ಲ. ಬೆಟ್ಟದ ಕಾಲುದಾರಿಯಲ್ಲಿ ಒಬ್ಬ ಮುದುಕ ತುಂಬುಬಸುರಿ ಸೊಸೆಯ ರಟ್ಟೆ ಹಿಡಿದುಕೊಂಡು, ಹೆಜ್ಜೆ ಹೆಜ್ಜೆಗೂ ನಿಂತು ಇಳಿದು ಬರುತ್ತಿದ್ದ. ನಸುಕಿಗೇ ಹೊರಟವರು ತಲುಪುವಾಗ ಬಿಸಿಲೇರಿತ್ತು. ಅವಳ ತುಟಿ ಬಿಳಿಚಿಕೊಂಡಿತ್ತು. ನರ್ಸು ಓಡಿಬಂದು ಅವಳನ್ನು ಟ್ರಕ್ಕಿನ ನೆರಳಿಗೆ ಕರೆತಂದಳು.

"ಗಾಡಿ ಯಾಕೆ ಮೇಲಕ್ಕೆ ಬರಲ್ಲ ಅಂತ ನಮ್ಮೂರಲ್ಲಿ ಕೇಳ್ತಾರೆ," ಅಂದ ಮುದುಕ, ಆಕ್ಷೇಪಣೆಯಿಲ್ಲದೆ.

ಅಳಿಯ ನೆಲ ನೋಡಿದ. "ಕಲ್ಲು ತಗುಲಿದ್ರೆ ಇದು ಹಾಳಾಗುತ್ತೆ ತಾತ," ಎಂದು ಪೈಪಿನ ಕಡೆ ಕೈ ತೋರಿಸಿದ.

ಮುದುಕ ಬಗ್ಗಿ, ಮಿಂಚುವ ಪೈಪನ್ನು ಈ ತುದಿಯಿಂದ ಆ ತುದಿವರೆಗೆ ಸವರಿದ. "ಹೌದಲ್ಲಪ್ಪ. ಇಷ್ಟು ನಾಜೂಕಿನದನ್ನ ಆ ಕಲ್ಲಿಗೆ ಹೇಗೆ ತರ್ತೀರಿ? ನಾವೇ ಇಳಿದು ಬರ್ತೀವಿ ಬಿಡಿ." ಆಮೇಲೆ ಸೊಸೆಯ ಕಡೆ ತಿರುಗಿ, "ಗಾಡಿಗೆ ಒರಗಬೇಡ ಕಣಮ್ಮ, ಸ್ವಲ್ಪ ಈಚೆ ನಿಂತ್ಕೋ," ಅಂದ.

ಅವಳು ಒಂದು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಈಚೆ ಬಂದು ಬಿಸಿಲಲ್ಲಿ ನಿಂತಳು.

ಒರಗಮ್ಮ, ಧಾರಾಳವಾಗಿ ಒರಗು ಅನ್ನಬೇಕೆಂದು ಮೇಸ್ತ್ರಿ ಬಾಯಿ ತೆರೆದ. ಅಷ್ಟರಲ್ಲಿ ತಿರುವಿನಲ್ಲಿ ಸಾಹೇಬರ ಜೀಪು ಕಾಣಿಸಿತು. ಅವನು ಬಾಯಿ ಮುಚ್ಚಿ, ಹೆಗಲ ಮೇಲಿನ ಬಟ್ಟೆ ತೆಗೆದು, ಮುದುಕನ ಬೆರಳಿನ ಗುರುತುಗಳನ್ನು ಪೈಪಿನಿಂದ ಒರೆಸತೊಡಗಿದ.