ಉದ್ಘಾಟನೆಗೆ ಮೊದಲೇ ಬಂದ ಸಾಲ್ಮನ್‌ಗಳಿಗೆ

ನಮ್ಮ ನಗರದ ಅಣೆಕಟ್ಟಿನ ಕೆಳಗೆ ಕಾದು ನಿಂತಿರುವ ಮಾನ್ಯ ಸಾಲ್ಮನ್ ಮಹಾಶಯರೇ, ಮಹಿಳೆಯರೇ,

ಸಮುದ್ರದಿಂದ ಇಷ್ಟು ದೂರ ಅನ್ನಾಹಾರ ಬಿಟ್ಟು, ಮೊಟ್ಟೆಯಿಡಲೆಂದು ಎದುರು ನೀರಿನಲ್ಲಿ ಈಜಿ ಬಂದ ತಮಗೆ ಹೃತ್ಪೂರ್ವಕ ಸ್ವಾಗತ ಕೋರುತ್ತಾ, ತಮ್ಮಿಂದಾದ ಒಂದು ದೊಡ್ಡ ತಪ್ಪನ್ನು ವಿನಯದಿಂದ ಗಮನಕ್ಕೆ ತರುತ್ತಿದ್ದೇನೆ. ನಾನು ಇಲ್ಲಿನ ಮೀನೇಣಿಯ ಮಾರ್ಗದರ್ಶಿ. ತಾವು ಮೆಟ್ಟಿಲು ಮೆಟ್ಟಿಲಾಗಿ ನೆಗೆದು ಅಣೆಕಟ್ಟು ದಾಟುವುದನ್ನು ಗಾಜಿನ ಕಿಟಕಿಯಲ್ಲಿ ಜನರಿಗೆ ತೋರಿಸುವ ಕೆಲಸವನ್ನು ಹನ್ನೊಂದು ವರ್ಷದಿಂದ ಮಾಡುತ್ತಿದ್ದೇನೆ.

ಈ ಬೇಸಿಗೆಯಲ್ಲಿ ಏಣಿಯ ದುರಸ್ತಿ ಮುಗಿದು, ಸೆಪ್ಟೆಂಬರ್ ಇಪ್ಪತ್ತೆಂಟಕ್ಕೆ ಮೇಯರರಿಂದ ಉದ್ಘಾಟನೆ ಎಂದು ನಿಗದಿಯಾಗಿದೆ. ಅಲ್ಲಿಯವರೆಗೆ ನೀರಿನ ಗೇಟು ತೆರೆಯುವಂತಿಲ್ಲ. ತಾವೋ ಒಂಬತ್ತಕ್ಕೇ ಬಂದುಬಿಟ್ಟಿರಿ! ಗ್ರಂಥಾಲಯದಲ್ಲೂ ಬಸ್ ನಿಲ್ದಾಣದಲ್ಲೂ ಅಂಟಿಸಿದ ಆಹ್ವಾನ ಪತ್ರಿಕೆ ತಮ್ಮ ಕಣ್ಣಿಗೆ ಬೀಳದೆ ಹೋದದ್ದು ಸೋಜಿಗ. ನಮ್ಮ ವ್ಯವಸ್ಥಾಪಕರಾದ ರಸೆಲ್ ಪಿಕೆಟ್ ಅವರಿಗೆ ತಮ್ಮ ಮೇಲೆ ಅಪಾರ ಗೌರವ. "ಡಾರ್ಲೀನ್, ಈಗ್ಲೇ ಬಿಟ್ರೆ ಎಲ್ಲಾ ಹತ್ತಿ ಹೋಗ್ಬಿಡ್ತವೆ. ಮೇಯರ್ ಬಂದಾಗ ಕಿಟಕೀಲಿ ಒಂದೂ ಇಲ್ದಿದ್ರೆ ನಾನ್ ಮುಖ ಎಲ್ಲಿಟ್ಕೊಳ್ಲಿ? ಕಾಯ್ಲಿ ಬಿಡು," ಎಂದರು.

ಆದ್ದರಿಂದ ತಾವು ದಯಮಾಡಿ ಮೊಟ್ಟೆಗಳನ್ನು ಇನ್ನು ಒಂಬತ್ತು ದಿನ ಹೊಟ್ಟೆಯಲ್ಲೇ ಇಟ್ಟುಕೊಳ್ಳಬೇಕು, ಬಿಸಿಯಾಗುತ್ತಿರುವ ನೀರಿನಲ್ಲಿ ಉಸಿರನ್ನು ಮಿತವಾಗಿ ಬಳಸಬೇಕು, ಸಾಯಲೇಬೇಕೆನ್ನುವವರು ಸಮಾರಂಭ ಮುಗಿದ ಮೇಲೆ ಸಾಯಬೇಕು. ಮುಂದಿನ ಸಾಲಿನ ಕುರ್ಚಿಗಳು ಗಣ್ಯರಿಗೆ ಮೀಸಲಾಗಿರುವುದರಿಂದ ತಾವು ನೀರಿನಲ್ಲೇ ಇದ್ದು ಸಹಕರಿಸಬೇಕು.

ಇಷ್ಟು ಬರೆಯುವಷ್ಟರಲ್ಲಿ, ದಿನವೂ ಫ್ಲಾಸ್ಕಿನಲ್ಲಿ ಕಾಫಿ ಹಿಡಿದು ತಮ್ಮನ್ನು ನೋಡಲು ಬರುವ ಮುದುಕ ವೆಂಡೆಲ್ ಬಾಗಿಲಲ್ಲಿ ನಿಂತು, "ಆ ದೊಡ್ಡವಳ ಮೂತಿ ನೋಡಿದ್ಯಾ? ಗೋಡೆಗೆ ಗುದ್ದಿ ಗುದ್ದಿ ಬೆಳ್ಳಗಾಗಿದೆ. ಮೂರು ಆಗ್ಲೇ ಸತ್ತು ತೇಲ್ತಿವೆ. ನೀನಿಲ್ಲಿ ಟೋಪಿ ಹಾಕ್ಕೊಂಡು ಜನಕ್ಕೆ ಏನ್ ತೋರಿಸ್ತೀಯ, ಖಾಲಿ ಗಾಜಾ?" ಎಂದು ಕೇಳಿದ. ಹತ್ತು ದಿನದಿಂದ ಗೇಟಿನ ಬೀಗದ ಕೈ ನನ್ನ ಸೊಂಟದಲ್ಲೇ ಇತ್ತಲ್ಲ ಎಂದು ನಾಚಿಕೆಯಾಯಿತು.

ಪತ್ರವನ್ನು ಅಲ್ಲಿಗೇ ಬಿಟ್ಟು ಹೋಗಿ ಗೇಟಿನ ಚಕ್ರ ತಿರುಗಿಸಿ ಬಂದೆ. ಕಾಲು ಗಂಟೆಯಲ್ಲಿ ಆ ಬಿಳಿ ಮೂತಿಯವರೇ ಮೊದಲಿಗರಾಗಿ ಕಿಟಕಿಯ ಮುಂದೆ ಬಂದರು. ಸ್ವಾಗತ ಭಾಷಣಕ್ಕೂ ಕಾಯದೆ, ನನ್ನತ್ತ ತಿರುಗಿಯೂ ನೋಡದೆ ಮೇಲಕ್ಕೆ ಹೋದರು. ನಾನು ಅತ್ತೆ. ಇಂಥ ಅಗೌರವ ನನಗೆ ಎಂದೂ ಇಷ್ಟು ಹಿತವಾಗಿರಲಿಲ್ಲ. ಉಳಿದವರೂ ಬೇಗ ಹೊರಡಬೇಕಾಗಿ ವಿನಂತಿ. ಪಿಕೆಟ್ ಅವರು ಹತ್ತು ಗಂಟೆಗೆ ಬರುತ್ತಾರೆ.

ತಮ್ಮ ವಿಶ್ವಾಸಿ,
ಡಾರ್ಲೀನ್ ಹೌಗೆನ್
ಮಾರ್ಗದರ್ಶಿ, ಹತ್ತು ಗಂಟೆಯವರೆಗೆ

ವಿ.ಸೂ.: ಚಕ್ರಕ್ಕೆ ಕಟ್ಟಿದ್ದ ಕೆಂಪು ರಿಬ್ಬನ್ನನ್ನು ನಾನು ಕತ್ತರಿಸಿಲ್ಲ. ಗಂಟು ಬಿಚ್ಚಿ, ನೀಟಾಗಿ ಮಡಿಸಿ, ಕತ್ತರಿಯ ಸಮೇತ ಮೇಯರರ ಕಚೇರಿಗೆ ಕಳಿಸಿದ್ದೇನೆ. ಇಪ್ಪತ್ತೆಂಟರಂದು ಅವರು ಅದನ್ನು ತಮ್ಮ ಮೇಜಿನ ಮೇಲೆಯೇ ಕತ್ತರಿಸಿಕೊಳ್ಳಬಹುದು. ಅಲ್ಲಿ ಯಾರೂ ಕಾಯುತ್ತಿರುವುದಿಲ್ಲ.