ಕೆನ್ನೆಗಂಟಿದ ಮೈಕು

ಮೈಕು ಇರುವುದು ದನಿ ದೊಡ್ಡದು ಮಾಡಲಿಕ್ಕೆ ಎಂದು ಹಾಡಲು ಬಾರದವರು ತಿಳಿದಿರುತ್ತಾರೆ. ಅದು ಇರುವುದು ಹಿಡಿದುಕೊಳ್ಳಲಿಕ್ಕೆ ಎಂಬುದು ನನ್ನಂಥವರಿಗೆ ಮಾತ್ರ ಗೊತ್ತು. ಹೈದರಾಬಾದಿನ ನಮ್ಮ ಕನ್ನಡ ಸಂಘದಲ್ಲಿ ವರ್ಷಾನುಗಟ್ಟಲೆ ದಾಸರ ಪದ ಹಾಡಿದವನು ನಾನು. ಕುಳಿತಲ್ಲೇ ಮೈಕಿನ ಗಿಡ್ಡ ಕಂಬವನ್ನು ಬಸ್ಸಿನ ಕಂಬಿಯಂತೆ ಹಿಡಿದೇ ಹಾಡಿದ್ದೇನೆ. ಮೇಲಿನ ಸ್ವರ ಕೈಕೊಡುವ ಲಕ್ಷಣ ಕಂಡೊಡನೆ ಮುಖವನ್ನು ಮೈಕಿನಿಂದ ಆಚೆ ತಿರುಗಿಸಿ ಕಣ್ಣು ಮುಚ್ಚಿಬಿಡುತ್ತಿದ್ದೆ. ಸಭಿಕರು ಅದನ್ನು ಭಕ್ತಿ ಎಂದುಕೊಳ್ಳುತ್ತಿದ್ದರು. ನಾನೂ ತಿದ್ದಲು ಹೋಗಿರಲಿಲ್ಲ.

ಇಂಥ ನೆಮ್ಮದಿಗೆ ಕಲ್ಲು ಹಾಕಿದವನು ಅಳಿಯ. ಅಮೀರ್‌ಪೇಟಿನಲ್ಲಿ ಕಂಪ್ಯೂಟರ್ ಪಾಠ ಹೇಳುವ ಅವನು ದಿನವಿಡೀ ಕಿವಿಗೆ ಸಿಕ್ಕಿಸಿ ಕೆನ್ನೆಗೊಂದು ವೈರ್‌ಲೆಸ್ ಮೈಕು ಅಂಟಿಸಿಕೊಂಡೇ ಮಾತಾಡುತ್ತಾನೆ. ಸುಲ್ತಾನ್ ಬಜಾರಿನ ಹತ್ತಿರದ ಅಂಗಡಿಯಿಂದ ನನಗೂ ಅಂಥದೊಂದನ್ನು ತಂದು, “ಮಾವಾ, ಇನ್ನ ಮ್ಯಾಲೆ ಕೈ ಬಿಟ್ಟು ಆರಾಮ ಹಾಡ್ರಿ” ಎಂದ. ದೇವರು ಕೊಟ್ಟ ಎರಡೇ ಕಿವಿಗಳ ಮೇಲೆ ಆಗಲೇ ಕನ್ನಡಕದ ಕಾಲುಗಳಿದ್ದವು, ಸಭೆಗೆ ಹೋಗುವಾಗ ರುಮಾಲಿನ ಅಂಚೂ ಬರುತ್ತಿತ್ತು. ಅವೆಲ್ಲವನ್ನೂ ಸರಿಸಿ ಮೈಕಿಗೆ ಜಾಗ ಮಾಡಿಕೊಂಡು ಹೆಂಡತಿ ಶಾರದೆಯ ಮುಂದೆ ನಿಂತೆ. ಅವಳು ನೋಡಿ, “ಛಲೋ ಕಾಣಸ್ತದ. ಸಾಲ ಬೇಕೇನ್ರಿ ಅಂತ ಫೋನ್ ಮಾಡ್ತಾರಲ್ಲ, ಅವರು ಹಿಂಗ ಇರತಾರೇನೋ” ಎಂದಳು.

ಶಾರದೆಯ ಬಗ್ಗೆ ಒಂದು ಮಾತು ಹೇಳಬೇಕು. ವೇದಿಕೆಯ ಮೇಲೆ ನನ್ನ ಎಡಕ್ಕೆ ಕುಳಿತು ತಂಬೂರಿ ಪೆಟ್ಟಿಗೆಯ ಗುಂಡಿ ತಿರುಗಿಸುವುದು ಅವಳ ಕೆಲಸ. ಮದುವೆಗೆ ಮುಂಚೆ ರಾಯಚೂರಿನಲ್ಲಿ ಶಾಸ್ತ್ರೋಕ್ತವಾಗಿ ಸಂಗೀತ ಕಲಿತವಳು. ನನ್ನ ಹಾಡುಗಳೆಲ್ಲ ನನಗಿಂತ ಚೆನ್ನಾಗಿ ಅವಳಿಗೆ ಬಾಯಿಪಾಠ. ನಾನು ಪದ ಮರೆತಾಗ ಕಿವಿಯ ಹತ್ತಿರ ಬಾಗಿ ಸಾಲು ಎತ್ತಿಕೊಡುವವಳೂ ಅವಳೇ. ಆದರೆ ಸಭೆಯ ಮುಂದೆ ಅವಳು ಹಾಡಿದ್ದೇ ಇಲ್ಲ. ಅವಳಿಗೆ ಸಭಾಕಂಪ ಎಂದು ನಾನೇ ತೀರ್ಮಾನಿಸಿದ್ದೆ. ಅವಳನ್ನು ಕೇಳುವ ಪ್ರಸಂಗ ಬಂದಿರಲಿಲ್ಲ.

ಯುಗಾದಿಯ ಸಂಜೆ ದಿಲ್‌ಸುಖ್‌ನಗರದ ಸಭಾಭವನ ತುಂಬಿತ್ತು. ಮೈಕಿನವನು ನನ್ನ ಕೆನ್ನೆಯ ಮೈಕನ್ನು ಸರಿಪಡಿಸಿ, ಅದನ್ನು ಮುಟ್ಟಲೇಬೇಡಿ ಎಂದು ತೆಲುಗಿನಲ್ಲಿ ತಾಕೀತು ಮಾಡಿ ಹೋದ. ಮೊದಲ ಹಾಡು ಸಾಂಗವಾಗಿ ಮುಗಿಯಿತು. ಎರಡನೆಯದರಲ್ಲಿ ಕೆಲಸ ಕಳೆದುಕೊಂಡ ನನ್ನ ಕೈಗಳು ಮೆಲ್ಲಗೆ ಮೇಲೆದ್ದವು. ಬಲಗೈ ಗಾಳಿಯಲ್ಲಿ ಜಿಲೇಬಿ ಸುತ್ತತೊಡಗಿತು, ಎಡಗೈ ಅದಕ್ಕೆ ಪೈಪೋಟಿಗಿಳಿಯಿತು. ಮುಂದಿನ ಸಾಲಿನವರು ಹಾಡು ಬಿಟ್ಟು ಕೈ ನೋಡಲಾರಂಭಿಸಿದರು. ಇವರು ಏನು ನೋಡುತ್ತಿದ್ದಾರೆಂದು ನಾನೂ ನೋಡಿದೆ. ಅಷ್ಟರಲ್ಲಿ ಮೂರನೆಯ ಚರಣ ಹಾರಿಹೋಯಿತು.

ಅಭ್ಯಾಸಬಲದಿಂದ ಮುಖ ತಿರುಗಿಸಿದೆ, ಮೈಕೂ ತಿರುಗಿತು. ತಲೆ ತಗ್ಗಿಸಿದೆ, ಅದೂ ತಗ್ಗಿತು. ನಾನು ಉಗುಳು ನುಂಗಿದ ಸದ್ದು ಕೂಡ ಹಿಂದಿನ ಗೋಡೆಯವರೆಗೆ ಹೋಗಿ ಬಂತು. ಶಾರದೆ ಎಂದಿನಂತೆ ಬಾಗಿ, ಮೆಲ್ಲಗೆ ಶ್ರುತಿಯಲ್ಲೇ ಸಾಲು ಎತ್ತಿಕೊಟ್ಟಳು. ಅಷ್ಟು ವರ್ಷ ನನ್ನ ಕಿವಿಗಷ್ಟೇ ಬೀಳುತ್ತಿದ್ದ ಆ ದನಿ ಅಂದು ಕೆನ್ನೆಯ ಮೈಕಿಗೆ ಬಿದ್ದು ಭವನ ತುಂಬಿಕೊಂಡಿತು. ಅವಳು ಬೆಚ್ಚಿ ಹಿಂದೆ ಸರಿದಳು. ಗಾಬರಿಯಲ್ಲಿ ನಾನು, “ಮುಂದ?” ಎಂದೆ. ಅದೂ ಎಲ್ಲರಿಗೂ ಕೇಳಿಸಿತು.

ನಗೆ ಎದ್ದಿತು. ಅದು ಇಳಿದ ಮೇಲೆ ಸಂಘದ ಕಾರ್ಯದರ್ಶಿ ಕುಲಕರ್ಣಿ ಎದ್ದು ನಿಂತು, “ರಾಯರ, ಅದನ್ನ ವೈನಿಯವರಿಗೆ ಕೊಡ್ರಿ” ಎಂದರು. ಅದು ತಮಾಷೆಯ ದನಿಯಾಗಿರಲಿಲ್ಲ.

ಮೈಕು ಕೀಳಹೋದರೆ ಕನ್ನಡಕವೂ ಜೊತೆಗೆ ಬಂತು. ಅವಳ ತುರುಬು ಸರಿಸಿ ನಾನೇ ತೊಡಿಸುವಾಗ, “ನನಗ ಬ್ಯಾಡ್ರಿ” ಎಂದಳು. ಆ ಬೇಡ ಎಂಬ ಮಾತೂ ಮೈಕಿನಿಂದಲೇ ಹೊರಟು ಸಭೆಗೆ ತಲುಪಿತು, ಚಪ್ಪಾಳೆ ಬಿತ್ತು. ಶಾರದೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಹಾಡಿದಳು. ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳಾದೀತು. ಮೊದಲ ಸಾಲು ಮುಗಿಯುವವರೆಗೂ ಆಯಿತು. ಆಮೇಲೆ ಅವಳ ದನಿ ಮೇಲಿನ ಸ್ವರಕ್ಕೆ ಹತ್ತಿ, ಅಲ್ಲೇ ಮನೆ ಮಾಡಿಕೊಂಡವರ ಹಾಗೆ ನಿಂತಿತು. ಅವಳು ಮುಖ ತಿರುಗಿಸಲಿಲ್ಲ. ನಾನು ತಾಳ ಹಾಕುವುದನ್ನೂ ಮರೆತೆ.

ಈಗ ಕಾರ್ಯಕ್ರಮಗಳೆಲ್ಲ ಅವಳವೇ. ನಾನು ಪಕ್ಕದಲ್ಲಿ ಕೂರುತ್ತೇನೆ. ಅವಳಿಗೆ ಪದ ಮರೆಯುವುದಿಲ್ಲವಾದ್ದರಿಂದ ಮಾಡಲು ಹೆಚ್ಚೇನೂ ಇರುವುದಿಲ್ಲ. ಮೊನ್ನೆ ಹಾಡು ಮುಗಿದ ಮೇಲೆ ಹೊಸದಾಗಿ ಸಂಘಕ್ಕೆ ಸೇರಿದ ಹಿರಿಯರೊಬ್ಬರು ನಮ್ಮ ಬಳಿ ಬಂದು ಅವಳನ್ನು ಬಾಯ್ತುಂಬ ಹೊಗಳಿದರು. ಆಮೇಲೆ ನನ್ನನ್ನೂ ಬಿಡಬಾರದೆಂದು, “ಇವರಿಗೂ ಸ್ವಲ್ಪ ಹಾಡು ಬರ್ತದೇನ್ರಿ?” ಎಂದು ಅವಳನ್ನೇ ಕೇಳಿದರು.

ಶಾರದೆ ನನ್ನತ್ತ ನೋಡಿದಳು. “ಹೂಂ, ಮನ್ಯಾಗ ಹಾಡ್ತಾರ್ರಿ” ಎಂದಳು.

ನಾನು ವಿನಯದಿಂದ ಕೈಮುಗಿದೆ.