ಮಹಡಿ ಕಿಟಕಿಯ ಸಫಾರಿ ಸೂಟು

ಆ ಶನಿವಾರದ ರಾಮಾಯಣಕ್ಕೆಲ್ಲ ಮೂಲ ಒಂದು ಸಫಾರಿ ಸೂಟು. ಪಿಸ್ತಾ ಬಣ್ಣದ್ದು. ಬ್ಯಾಂಕಿನಲ್ಲಿದ್ದಷ್ಟು ಕಾಲವೂ ತಿರುಮಲೇಶ ಮುಖ್ಯವಾದ ದಿನಗಳಲ್ಲಿ ಅದನ್ನೇ ತೊಡುತ್ತಿದ್ದ. ಆಡಿಟ್ ಬಂದಾಗ ಅದೇ, ವರ್ಗಾವಣೆ ತಪ್ಪಿಸಿಕೊಳ್ಳಲು ಮೇಲಧಿಕಾರಿಯ ಮುಂದೆ ಕೈಕಟ್ಟಿ ನಿಂತಾಗ ಅದೇ, ಕೊನೆಗೆ ಸ್ವಯಂನಿವೃತ್ತಿಯ ಹಾರ ಹಾಕಿಸಿಕೊಂಡಾಗಲೂ ಅದೇ. ಇವತ್ತು ಅವನ ಗೆಸ್ಟ್ ಹೌಸಿಗೆ ಮೊಟ್ಟಮೊದಲ ಅತಿಥಿಗಳು ಬರುವವರಿದ್ದರು. ಅವರನ್ನು ಆ ಸೂಟಿನಲ್ಲೇ ಬರಮಾಡಿಕೊಳ್ಳಬೇಕೆಂದು ಜೋಗೇಶ್ವರಿ ಬಡಾವಣೆಯ ತನ್ನ ಮನೆಯ ಕಪಾಟುಗಳನ್ನೆಲ್ಲ ಬುಡಮೇಲು ಮಾಡಿದ. ಸೂಟು ಸಿಗಲಿಲ್ಲ. ಹೆಂಡತಿ ವನಮಾಲಾ ಮಗ ತುಷಾರನ ಜೊತೆ ಗುರುವಾರವೇ ಗೊರಾಯಿಗೆ ಹೋಗಿದ್ದಳು. ಫೋನ್ ಮಾಡಿದರೆ ಎತ್ತಲಿಲ್ಲ. ಕೊನೆಗೆ ಚೌಕಳಿ ಶರ್ಟು ಹಾಕಿಕೊಂಡು, ಗೊಣಗುತ್ತಾ ಹೊರಟ.

ಗೊರಾಯಿಯಲ್ಲಿ, ಖಾಡಿಯ ಹಿನ್ನೀರಿನಾಚೆ, ಸರ್ವೆ ಮರಗಳ ಹಿಂದೆ ಆ ಮನೆಯಿತ್ತು. ಕೆಂಪು ಹೆಂಚು, ಮರದ ಏಣಿಮೆಟ್ಟಿಲು, ಮಹಡಿಯಲ್ಲಿ ರಸ್ತೆಗೆ ಮುಖಮಾಡಿದ ಎರಡು ಕಿಟಕಿ. ಮಾಲೀಕರು ವಿದೇಶಕ್ಕೆ ಹೋದ ಮೇಲೆ ವರ್ಷಗಟ್ಟಲೆ ಬೀಗ ಜಡಿದುಕೊಂಡಿದ್ದ ಮನೆ. ತಿರುಮಲೇಶ ತನ್ನ ನಿವೃತ್ತಿಯ ಹಣವನ್ನೆಲ್ಲ ಅದಕ್ಕೆ ಸುರಿದು, ಗೋಡೆ ಗಾರೆ ಮಾಡಿಸಿ, ಹೆಂಚು ಹೊದಿಸಿ, ಬಣ್ಣ ಬಳಿಸಿ, "ವನಮಾಲಾ ಹಳ್ಳಿಮನೆ" ಎಂದು ಬೋರ್ಡು ಹಾಕಿಸಿದ್ದ. ಪೇಟೆಯ ಜನ ಬಂದು ತಂಗಾಳಿಯಲ್ಲಿ ಕೂತು ಬಿಸಿಬೇಳೆಬಾತ್ ತಿಂದು ಹೋಗಲಿ ಎಂಬುದು ಅವನ ಆಸೆ. ಎರಡು ತಿಂಗಳು ಒಂದು ನರಪಿಳ್ಳೆಯೂ ಬಂದಿರಲಿಲ್ಲ. ನಿನ್ನೆ ತುಷಾರ್ ಇದ್ದಕ್ಕಿದ್ದಂತೆ ಫೋನ್ ಮಾಡಿ, "ಪಪ್ಪಾ, ಬುಕಿಂಗ್ ಆಯ್ತು! ಐದು ಜನ!" ಎಂದಿದ್ದ. ಇವರು ಮುಖ ಸಿಂಡರಿಸಿಕೊಂಡು ಹೋದರೆ ಮನೆಗೆ ಮತ್ತೆ ಬೀಗ ಹಾಕುವುದೇ ಎಂದು ವನಮಾಲಾ ಖಡಾಖಂಡಿತವಾಗಿ ಹೇಳಿಯಾಗಿತ್ತು.

ಇಷ್ಟೆಲ್ಲ ಇದ್ದರೂ ತಿರುಮಲೇಶನ ಹೊಟ್ಟೆಯೊಳಗೆ ಕೂತಿದ್ದ ನಿಜವಾದ ಭಯ ಬೇರೆ. ಅವನಿಗೆ ದೆವ್ವ ಎಂದರೆ ಜೀವ ಬಾಯಿಗೆ ಬರುತ್ತಿತ್ತು. ಪ್ರತಿ ಭಾನುವಾರ ಬಂದು ಕೆಲಸ ನೋಡುವನು, ಬಿಸಿಲು ತುಸು ಇಳಿಯಿತೆಂದರೆ ಮಂಡಿನೋವು ಎಂದೋ ಬಿ.ಪಿ. ಮಾತ್ರೆ ಮರೆತೆ ಎಂದೋ ಹೇಳಿ ಫೆರ್ರಿ ಹತ್ತುವನು. ಅಲ್ಲಿ ಒಂದು ಸಂಜೆಯನ್ನೂ ಅವನು ಕಳೆದಿರಲಿಲ್ಲ. ಮಹಡಿಗಂತೂ ಒಬ್ಬನೇ ಹೋದವನೇ ಅಲ್ಲ. ಇವತ್ತು ಅತಿಥಿಗಳಿರುವುದರಿಂದ ಉಳಿಯಲೇಬೇಕಿತ್ತು.

ಒಬ್ಬನೇ ಹೋಗಲು ಧೈರ್ಯ ಸಾಲದೆ ಬ್ಯಾಂಕಿನ ಹಳೆಯ ಗೆಳೆಯ ಗುರುಪಾದನನ್ನು ಊಟದ ಆಸೆ ತೋರಿಸಿ ಜೊತೆಗೆ ಕರೆತಂದಿದ್ದ. ಗುರುಪಾದ ವಿಜಯಪುರದ ಕಡೆಯವನು. ಜಾತಕ, ಶಕುನ, ತಾಯತ ಎಲ್ಲದರಲ್ಲೂ ಕೈಯಾಡಿಸಿದವನು. ಯಾವುದನ್ನೂ ಪೂರ್ತಿ ಕಲಿತವನಲ್ಲ.

ಫೆರ್ರಿ ಇಳಿದು ರಿಕ್ಷಾ ಹಿಡಿದು, ಓಣಿಯ ತಿರುವಿನಲ್ಲಿ ಇಳಿದರು. ಮನೆ ಹೊಸ ಬಣ್ಣದಲ್ಲಿ ಮದುವಣಗಿತ್ತಿಯಂತೆ ಹೊಳೆಯುತ್ತಿತ್ತು. ಗುರುಪಾದ ಕಣ್ಣಿಗೆ ಕೈ ಅಡ್ಡ ಹಿಡಿದು ಮಹಡಿ ನೋಡಿದ.

"ಏ ತಿರುಮಲೇಶ, ಮನಿ ಭಾರಿ ಆಗೇದಲ್ಲೋ! ಮ್ಯಾಲ ಕಿಟಕ್ಯಾಗ ನೀ ನಿಂತಿದ್ದೂ ಭಾಳ ಚಂದ ಕಾಣ್ತದ ನೋಡು."

"ನಾನಾ?"

"ಹೂಂ, ನೀನ. ಪಿಸ್ತಾ ಸಫಾರಿ ಹಾಕ್ಕೊಂಡು..." ಎಂದ ಗುರುಪಾದ ಥಟ್ಟನೆ ಪಕ್ಕಕ್ಕೆ ತಿರುಗಿ, ಪಕ್ಕದಲ್ಲಿ ಚೌಕಳಿ ಶರ್ಟಿನಲ್ಲಿ ನಿಂತಿದ್ದ ತಿರುಮಲೇಶನನ್ನು ಮೇಲಿಂದ ಕೆಳಗೆ ನೋಡಿದ. ಇಬ್ಬರೂ ಒಟ್ಟಿಗೇ ಕಿಟಕಿ ನೋಡಿದರು.

ಅಲ್ಲಿ ನಿಂತದ್ದು ತಿರುಮಲೇಶನೇ. ಬೆನ್ನು ಇತ್ತ ಇತ್ತು. ಅದೇ ಸೂಟು, ಅದೇ ಇಳಿಬಿದ್ದ ಎಡಭುಜ, ಅದೇ ನುಣ್ಣನೆ ಬೋಳುತಲೆ. ತಿರುಮಲೇಶ ಗುರುಪಾದನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡ.

"ತನ್ನ ರೂಪ ತಾನ ಕಂಡಂವಾ ಭಾಳ ದಿನ ಉಳ್ಯೂದಿಲ್ಲಂತ ನಮ್ಮಜ್ಜಿ ಹೇಳ್ತಿದ್ಲು," ಎಂದು ಗುರುಪಾದ ಪಿಸುಗುಟ್ಟಿದ. ಆಮೇಲೆ ಬ್ಯಾಂಕಿನವನ ಮುತುವರ್ಜಿಯಿಂದ ಕೇಳಿದ: "ಹೌದೂ, ನಿನ್ನ ಎಫ್.ಡಿ.ಗೆ ನಾಮಿನೇಷನ್ ಮಾಡ್ಸಿ ಹೌದಿಲ್ಲೋ?"

"ಬಾಯ್ಮುಚ್ಚೋ! ಇದನ್ನ ಯಾರಿಗಾದ್ರೂ ಹೇಳಿದ್ರೆ ನನ್ನ ಮನೆ ಹಾಳಾಗತ್ತೆ. ಅತಿಥಿಗಳು ಬರೋರಿದಾರೆ!"

"ನಾ ಯಾರಿಗೆ ಹೇಳಲಿ? ಒಂದೀಟು ಚಾ ಕುಡದು ಬರ್ತೀನಿ ತಡಿ," ಎಂದು ಗುರುಪಾದ ಬಂದ ದಾರಿಗೆ ತಿರುಗಿ ದಾಪುಗಾಲು ಹಾಕಿದ.

ತಿರುಮಲೇಶ ತಲೆ ಎತ್ತದೆ ಮನೆಯೊಳಗೆ ನುಗ್ಗಿದ. ವನಮಾಲಾ ಅಡುಗೆಮನೆಯಲ್ಲಿ ಹುಣಸೆಹಣ್ಣು ಕಿವುಚುತ್ತಿದ್ದಳು.

"ವನೂ, ಮೇಲೆ ಯಾರಿದಾರೆ?"

"ಯಾರಿರ್ತಾರೆ? ಯಾಕ್ರೀ ಮುಖ ಹಂಗೆ ಬೆವರಿದೆ? ಮತ್ತೆ ಬಿ.ಪಿ. ಮಾತ್ರೆ ಕತೆ ಶುರು ಮಾಡ್ಬೇಡಿ. ಇವತ್ತು ಫೆರ್ರಿ ಕಡೆ ತಲೆ ಹಾಕಿದ್ರೆ ನಾನೇನು ಮಾಡ್ತೀನೋ ನಂಗೇ ಗೊತ್ತಿಲ್ಲ."

ಕಿಟಕಿಯಲ್ಲಿ ಕಂಡದ್ದನ್ನು ಹೇಳಿಬಿಡೋಣವೆಂದುಕೊಂಡ. ಮೂವತ್ತು ವರ್ಷದ ಸಂಸಾರದಲ್ಲಿ ಕಾಪಾಡಿಕೊಂಡು ಬಂದಿದ್ದ ಅಷ್ಟಿಷ್ಟು ಗಂಡಸುತನ ಅಡ್ಡ ಬಂತು. ಜಗಲಿಗೆ ಬಂದು ಕೂತು ಒಂದೇ ಉಸಿರಿಗೆ ಆಂಜನೇಯನ ಹೆಸರು ಹೇಳತೊಡಗಿದ. ತಾನಿನ್ನು ಎಷ್ಟು ದಿನವೋ ಎಂದು ನೆನೆದು ಅವನಿಗೆ ನಿಜವಾಗಿಯೂ ಅಳು ಬಂತು.

ಅಷ್ಟರಲ್ಲಿ ಗೇಟಿನ ಬಳಿ ಗುಜುಗುಜು ಕೇಳಿಸಿತು. ಯಾರಿಗೂ ಹೇಳದ ಗುರುಪಾದ ಚಹಾ ಅಂಗಡಿಯಲ್ಲಿ ಮೀನು ಮಾರುವ ಪಾರುಬಾಯಿಯೊಬ್ಬಳಿಗೆ ಮಾತ್ರ ಹೇಳಿದ್ದ. ಪಾರುಬಾಯಿಗೆ ಹೇಳುವುದೂ ಒಂದೇ, ಊರಲ್ಲಿ ಡಂಗುರ ಹೊಡೆಸುವುದೂ ಒಂದೇ. ಅವಳು ಬುಟ್ಟಿ ಹೊತ್ತುಕೊಂಡೇ ಬಂದಿದ್ದಳು, ಹಿಂದೆ ಅರ್ಧ ಓಣಿ.

"ಭೂತ ಹಾಯ್ ಸಾಹೇಬ, ಭೂತ ಹಾಯ್!" ಎಂದು ನಿಂಬೆಹಣ್ಣು ಝಳಪಿಸಿದಳು.

"ಭೂತಾನೂ ಇಲ್ಲ ಗೀತಾನೂ ಇಲ್ಲ! ಘರ್ ಜಾವ್, ಎಲ್ರೂ ಘರ್ ಜಾವ್!" ತಿರುಮಲೇಶ ಕೈಮುಗಿದ. "ಕುಛ್ ನಹೀ ಹೈ. ಬೇಕಾದ್ರೆ ಆ ಕಿಟಕಿ ನೋಡಿ, ಖಾಲಿ!"

ಕಿಟಕಿ ನಿಜವಾಗಿಯೂ ಖಾಲಿಯಾಗಿತ್ತು. ಅವನಿಗೇ ಹೋದ ಜೀವ ಬಂದಂತಾಯಿತು. ಆದರೆ ಜನರೆಲ್ಲ ಪಕ್ಕದ ಕಿಟಕಿಯತ್ತ ಬೆರಳು ತೋರಿಸಿ ಕಿರುಚುತ್ತಿದ್ದರು. ಪಿಸ್ತಾ ಸೂಟು ಈಗ ಅಲ್ಲಿ ನಿಂತಿತ್ತು.

"ನಡದಾಡಾಕತ್ತೇದ!" ಎಂದು ಗುರುಪಾದ ಪಾರುಬಾಯಿಯ ಬುಟ್ಟಿಯ ಮರೆಗೆ ಸರಿದ.

ಅತಿಥಿಗಳು ಬರಲು ಹೆಚ್ಚು ಹೊತ್ತಿರಲಿಲ್ಲ. ಗೇಟಿನಲ್ಲಿ ಈ ಜಾತ್ರೆ ಕಂಡರೆ ಅವರು ರಿಕ್ಷಾದಿಂದ ಕೆಳಗೇ ಇಳಿಯುವುದಿಲ್ಲ. ಹೇಗೂ ಸಾಯುವವನೇ, ಹೆಂಡತಿಯ ಹೆಸರಿನ ಬೋರ್ಡಾದರೂ ಉಳಿಯಲಿ ಎಂದು ತಿರುಮಲೇಶ ನಿರ್ಧರಿಸಿದ. ಅಡುಗೆಮನೆಯಿಂದ ಲಟ್ಟಣಿಗೆ ಎತ್ತಿಕೊಂಡು ಮೆಟ್ಟಿಲು ಹತ್ತಿದ. ಒಂದೊಂದು ಮೆಟ್ಟಿಲೂ ಕಿರ್ರೆಂದಿತು. ಮೇಲಿನ ಕೋಣೆಯ ಬಾಗಿಲನ್ನು ಕಾಲಿನಿಂದ ನೂಕಿ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, "ಜೈ ಆಂಜನೇಯಾ" ಎಂದು ಕೂಗುತ್ತಾ ತನ್ನದೇ ಬೋಳುತಲೆಯ ಮೇಲೆ ಲಟ್ಟಣಿಗೆ ಬೀಸಿದ.

ಫಟ್ಟೆಂದು ತಲೆ ಒಡೆಯಿತು. ಕಣ್ಣು ತೆರೆದರೆ ನೆಲದ ಮೇಲೆ ಮಡಕೆಯ ಚೂರುಗಳು. ಒಂದು ಚೂರಿನಲ್ಲಿ ಸುಣ್ಣದಲ್ಲಿ ಬರೆದ ಹಲ್ಲು, ಇನ್ನೊಂದರಲ್ಲಿ ಕೆಂಪು ನಾಲಗೆ. ಸೂಟಿನ ಕಾಲರಿನಿಂದ ಹುಲ್ಲು ಹೊರಚಾಚಿತ್ತು.

"ಅಯ್ಯಯ್ಯ ಸಾಹೇಬ್ರ! ದೃಷ್ಟಿಗೊಂಬಿ ಒಡದ್ರಲ್ರೀ!" ಎನ್ನುತ್ತಾ ಮೂಲೆಯಿಂದ ಮೇಸ್ತ್ರಿ ಸಾಯಬಣ್ಣ ಓಡಿಬಂದ. ಕೈಯಲ್ಲಿ ಪಾಲಿಷ್ ಬಟ್ಟೆಯಿತ್ತು. ಗೋಡೆಯ ಗಾರೆಯಿಂದ ಹಿಡಿದು ಹೆಂಚಿನವರೆಗೆ ಈ ಮನೆಯ ಕೆಲಸವೆಲ್ಲ ಅವನದೇ. "ಬಣ್ಣ ಬಳದ ಮ್ಯಾಲ ಮನಿ ಭಾಳ ಚಂದ ಕಾಣ್ಲಾಕತ್ತಿತ್ರಿ. ಕಂಡೋರ ಕಣ್ಣು ಬೀಳಬಾರ್ದಂತ ಸೋಮವಾರ ಬಾಗಲ ಮುಂದ ನಿಂದ್ರಿಸಿದ್ದೆ. ಅಕ್ಕಾರೇ ನಿಮ್ಮ ಹಳೀ ಅರಿಬಿ ಕೊಟ್ಟು ಕಳಿಸಿದ್ರು. ಗುರುವಾರ ಅವರ ಬಂದು, ಬಂದೋರು ಅಂಜತಾರ, ಒಳಗ ಇಡು ಅಂದ್ರಂತ ಇಲ್ಲಿ ತಂದಿಟ್ಟೀನ್ರಿ. ಈಗ ಆ ಕಿಟಕಿ ಪಾಲಿಷ್ ಮಾಡ್ಬೇಕಿತ್ತಲ್ರೀ, ಈ ಕಡಿ ಸರಸಿದ್ದೆ."

ಮೊದಲು ನಾಚಿಕೆಯಾಯಿತು. ಅದರ ಬೆನ್ನಿಗೇ ಮೈಯೆಲ್ಲ ಹಗುರಾಯಿತು. ತಾನು ಸಾಯುವುದಿಲ್ಲ! ಮನೆಯಲ್ಲಿ ದೆವ್ವವಿಲ್ಲ! ತಿರುಮಲೇಶ ಗೊಂಬೆಯನ್ನು ಕಂಕುಳಲ್ಲಿ ಇರುಕಿಕೊಂಡು ಅಂಗಳಕ್ಕೆ ಧಾವಿಸಿದ. "ಸುಡೂದಾದ್ರ ಹುಲ್ಲು ಸುಡ್ರೀ, ಅರಿಬಿ ಚಲೋ ಅದಾವ," ಎಂದು ಸಾಯಬಣ್ಣ ಸೂಟು ಬಿಚ್ಚಿ, ಗಲಾಟೆ ಕೇಳಿ ಹೊರಬಂದ ವನಮಾಲಾಳ ಕೈಗೆ ಕೊಟ್ಟ. ತಿರುಮಲೇಶ ಹುಲ್ಲಿಗೆ ಕಡ್ಡಿ ಗೀರಿ, ಸೊಂಟದ ಮೇಲೆ ಕೈಯಿಟ್ಟು ನಿಂತ.

"ನೋಡಿ, ಇದೇ ನಿಮ್ಮ ಭೂತ! ಎಲ್ಲರೂ ಕಣ್ತುಂಬ ನೋಡಿ!"

ಜನ ನಕ್ಕರು. ಪಾರುಬಾಯಿ ಪೆಚ್ಚಾಗಿ ನಿಂಬೆಹಣ್ಣನ್ನು ಸೆರಗಿಗೆ ಕಟ್ಟಿಕೊಂಡಳು. ತಿರುಮಲೇಶ ತನ್ನ ಜೀವಮಾನದಲ್ಲಿ ಅಷ್ಟು ಎದೆಯುಬ್ಬಿಸಿ ಎಂದೂ ನಿಂತಿರಲಿಲ್ಲ. ಆಗಲೇ ಎರಡು ರಿಕ್ಷಾಗಳು ಬಂದು ನಿಂತವು. ಮುಂದಿನದರಿಂದ ಜೀನ್ಸ್ ತೊಟ್ಟ ಹುಡುಗಿಯೊಬ್ಬಳು ಜಿಗಿದಳು.

"ಹಾಯ್ ಅಂಕಲ್, ನಾನು ಧಾತ್ರಿ. ಬುಕಿಂಗ್ ಮಾಡಿದ್ದು ನಾನೇ. ನನ್ನ ಕನ್ನಡ ಥೋಡಾ ಕಚ್ಚಾ ಇದೆ, ಹಾಂ. ಪೆಹಲೇ ಹೇಳಿ, ಭೂತ ಯಾವ ರೂಮಲ್ಲಿ ಇರ್ತದೆ?"

"ಭಯಪಡಬೇಡಮ್ಮ! ಭೂತ ಗೀತ ಏನೂ ಇಲ್ಲ. ಅದು ಬರೀ ಗೊಂಬೆ. ನಾನೇ ಸುಟ್ಟುಹಾಕ್ದೆ, ನೋಡು!"

ಧಾತ್ರಿಯ ಮುಖ ಕಳೆಗುಂದಿತು. ಮೊಬೈಲ್ ತೆಗೆದು ಅವನ ಮುಖಕ್ಕೆ ಹಿಡಿದಳು. ಮುಸ್ಸಂಜೆಯ ಮಬ್ಬಿನಲ್ಲಿ ಅದೇ ಮನೆ, ಅದೇ ಕಿಟಕಿ, ಅದರಲ್ಲಿ ಪಿಸ್ತಾ ಸೂಟು. ಕೆಳಗೆ "ಗೊರಾಯಿಯ ಭೂತ್ ಬಂಗಲೆ, ಧೈರ್ಯ ಇದ್ದರೆ ಬನ್ನಿ" ಎಂದಿತ್ತು. ತಿರುಮಲೇಶ ನಿಧಾನಕ್ಕೆ, ಅತಿಥಿಗಳನ್ನು ಎದುರುಗೊಳ್ಳಲು ಬಂದು ನಿಂತಿದ್ದ ಮಗನ ಕಡೆ ತಿರುಗಿದ.

"ಪಪ್ಪಾ, ಬಿಸಿಬೇಳೆಬಾತ್ ಫೋಟೋ ಎರಡು ಮಹಿನಾ ಹಾಕಿದೆ, ಕೋಯಿ ನಹೀ ಆಯಾ," ಎಂದ ತುಷಾರ್ ಉಗುರು ಕಚ್ಚುತ್ತಾ. "ಗುರುವಾರ ಇದು ಹಾಕಿದೆ. ಒಂದೇ ದಿನದಲ್ಲಿ ಬುಕಿಂಗ್!"

"ಡಾಲ್ ನೋಡೋಕೆ ಇಷ್ಟು ದೂರ ಬಂದ್ವಾ? ಚಲೋ ಯಾರ್, ವಾಪಸ್," ಎಂದು ಧಾತ್ರಿ ರಿಕ್ಷಾದವನಿಗೆ ಕೈ ಮಾಡಿದಳು.

ವನಮಾಲಾ ಬೋರ್ಡನ್ನು ನೋಡಿದಳು, ಉರಿಯುವ ಹುಲ್ಲನ್ನು ನೋಡಿದಳು, ಕೈಯಲ್ಲಿದ್ದ ಸೂಟನ್ನು ನೋಡಿದಳು, ಕೊನೆಗೆ ಗಂಡನನ್ನು ನೋಡಿದಳು.

"ಹೋಗ್ಬೇಡಮ್ಮ ಪುಟ್ಟಿ," ಎಂದಳು ಮೆತ್ತಗೆ. "ಅಂಕಲ್ ಸುಟ್ಟಿದ್ದು ಬರೀ ದೃಷ್ಟಿಗೊಂಬೆ. ನಿಜವಾದದ್ದು ದೀಪ ಹಚ್ಚೋ ಹೊತ್ತಿಗೆ ಬರತ್ತೆ. ಅಲ್ಲೀತನಕ ಬಿಸಿಬೇಳೆಬಾತ್ ತಿನ್ನಿ."

ಬೆಳಿಗ್ಗೆಯಿಂದ ಹುಡುಕುತ್ತಿದ್ದ ಸಫಾರಿ ಸೂಟು ತಿರುಮಲೇಶನಿಗೆ ಕೊನೆಗೂ ಸಿಕ್ಕಿತು.

ಸಂಜೆ ಕವಿಯುವ ಹೊತ್ತಿಗೆ ಅವನು ಮಹಡಿಯ ಕತ್ತಲಕೋಣೆಯಲ್ಲಿ ಒಬ್ಬನೇ ನಿಂತಿದ್ದ. ಮುಖಕ್ಕೆ ಸುಣ್ಣ, ಕತ್ತಿನಲ್ಲಿ ಚುಚ್ಚುವ ಹುಲ್ಲು. ಮೆಟ್ಟಿಲ ಬಾಗಿಲನ್ನು ವನಮಾಲಾ ಹೊರಗಿನಿಂದ ಚಿಲಕ ಹಾಕಿದ್ದಳು. ದೆವ್ವವಿಲ್ಲವೆಂದು ಮಧ್ಯಾಹ್ನ ಊರಿಗೇ ಸಾರಿದ್ದವನಿಗೆ ಈ ಕತ್ತಲಲ್ಲಿ ಅದು ತನಗೇ ನಂಬಿಕೆಯಾಗಲಿಲ್ಲ. ಹಿಂದೆ ಹಲಗೆಯೊಂದು ಲಟಕ್ಕೆಂದಿತು. ಅವನ ಮೊಣಕಾಲು ಅದುರತೊಡಗಿತು, ಆಮೇಲೆ ಕೈ, ಆಮೇಲೆ ಗದ್ದ. ಹಲ್ಲುಗಳು ಕಟಕಟನೆ ಹೊಡೆದುಕೊಂಡು ಆ ಸದ್ದು ಅಂಗಳದವರೆಗೂ ಕೇಳಿಸಿತು. "ವನೂ... ಬಾಗ್ಲು ತೆಗಿಯೇ..." ಎಂದು ಕೂಗಲು ಹೋದರೆ ಗಂಟಲಿನಿಂದ ಯಾವ ಭಾಷೆಗೂ ಸೇರದ ಒಂದು ಊಳು ಹೊರಟಿತು.

ಕೆಳಗೆ ಐವರೂ ಚೀರಿ ಒಬ್ಬರ ಮೇಲೊಬ್ಬರು ಬಿದ್ದರು. ಆಮೇಲೆ ಚಪ್ಪಾಳೆಯೋ ಚಪ್ಪಾಳೆ.

ಚಿಲಕ ತೆಗೆದಾಗ ತಿರುಮಲೇಶ ಬೆವರಿನಲ್ಲಿ ಮಿಂದಿದ್ದ. "ಪಪ್ಪಾ, ಸೂಪರ್‌ಹಿಟ್!" ಎಂದು ತುಷಾರ್ ಅಪ್ಪಿಕೊಂಡ. "ಎಷ್ಟು ಜಗಾ ಹೋಗಿದೀವಿ, ಈ ಥರಾ ನಡುಗೋ ಭೂತ ನೋಡೇ ಇಲ್ಲ ಅಂತಾರೆ. ನೆಕ್ಸ್ಟ್ ಸ್ಯಾಟರ್ಡೇ ಹನ್ನೆರಡು ಜನ!"

ಹಿಂದೆಯೇ ಏದುಸಿರು ಬಿಡುತ್ತಾ ಗುರುಪಾದ ಬಂದ. ಗೆಳೆಯನ ಅವಸ್ಥೆ ಕಂಡು ಅವನಿಗೆ ನಿಜವಾಗಿಯೂ ಕರುಳು ಚುರುಕ್ಕೆಂದಿತ್ತು. ತನ್ನ ತೋಳಿನ ತಾಯತವನ್ನೇ ಬಿಚ್ಚಿ ಮುಂದೆ ಹಿಡಿದ.

"ತಗೋ ತಿರುಮಲೇಶ, ಇದನ್ನ ಕಟ್ಕೋ. ಎಂಥಾ ಅಂಜಿಕಿ ಇದ್ರೂ ಹೋಗಿಬಿಡ್ತದ."

ತಿರುಮಲೇಶ ಆಸೆಯಿಂದ ಕೈಚಾಚಿದ. ಅದಕ್ಕೆ ಮುಂಚೆಯೇ ವನಮಾಲಾ ತಾಯತವನ್ನು ಕಸಿದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಬೇಡಪ್ಪಾ ಗುರುಪಾದಣ್ಣ," ಎಂದಳು. "ಇವರಿಗೆ ಧೈರ್ಯ ಬಂದ್ಬಿಟ್ರೆ ನಾವೆಲ್ಲ ಏನು ತಿನ್ನೋದು?"